ಬಿಳಿಯಂಚಿನ ದೊಡ್ಡಪತ್ರೆ

ಅಡುಗೆಮನೆಯ ದೊಡ್ಡಪತ್ರೆಗೇ ಅಲಂಕಾರದ ತಳಿಯೊಂದಿದೆ. ದಪ್ಪ, ರಸಭರಿತ ಎಲೆ, ಮೈತುಂಬ ನವಿರು ರೋಮ, ಅಂಚಿನ ಹಲ್ಲುಗಳಿಗೆಲ್ಲ ಸುಣ್ಣ ತೀಡಿದಂತೆ ಬಿಳಿ ಗೆರೆ. ಬೆರಳಲ್ಲಿ ಉಜ್ಜಿದರೆ ಓಮದ ಘಾಟು. ಕಾರ್ವಕ್ರಾಲ್, ಥೈಮಾಲ್ ಎಂಬ ತೈಲಾಂಶಗಳ ಕೆಲಸ ಅದು. 1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೌರೇರೊ ಈ ಸಸ್ಯವನ್ನು ಕೋಲಿಯಸ್ ಅಂಬೊಯ್ನಿಕಸ್ ಎಂದು ಕರೆದ. ನಡುವೆ ಬಹುಕಾಲ ಪ್ಲೆಕ್ಟ್ರಾಂಥಸ್ ಆಗಿದ್ದು, ಈಗ ಮತ್ತೆ ಕೋಲಿಯಸ್ಸೇ ಆಗಿದೆ. ಗಿಡಕ್ಕೆ ಇದಾವುದರ ಪರಿವೆಯೂ ಇಲ್ಲ ಬಿಡಿ.

ಗೆಣ್ಣಿರುವ ಕಡ್ಡಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಹಿಮ ಇದಕ್ಕೆ ಆಗದು. ಚಳಿದೇಶಗಳಲ್ಲಿ ಕುಂಡವನ್ನು ಒಳಗೊಯ್ಯುತ್ತಾರೆ. ನಮ್ಮಲ್ಲಿ ಇದನ್ನು ಕೊಲ್ಲುವುದು ಚಳಿಯಲ್ಲ, ಅಕ್ಕರೆ. ದಿನವೂ ನೀರು ಸುರಿದರೆ ಬುಡ ಕೊಳೆಯುತ್ತದೆ. ಮರಳು ಬೆರೆತ ಮಣ್ಣು, ಬೆಳಗಿನ ಎಳೆಬಿಸಿಲು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಒಮ್ಮೊಮ್ಮೆ ಬಿಳಿಯೇ ಇಲ್ಲದ ಅಚ್ಚಹಸಿರು ರೆಂಬೆ ಮೂಡುತ್ತದೆ. ದಾಕ್ಷಿಣ್ಯ ಬೇಡ, ಬುಡದಲ್ಲೇ ಕತ್ತರಿಸಿ. ಬಿಟ್ಟರೆ ಅದೇ ಜೋರಾಗಿ ಬೆಳೆದು ಗಿಡವನ್ನೆಲ್ಲ ಆವರಿಸುತ್ತದೆ. ಉಳಿದ ಕುಡಿಗಳನ್ನೂ ಆಗಾಗ ಚಿವುಟುತ್ತಿದ್ದರೆ ಪೊದೆ ತುಂಬಿಕೊಳ್ಳುತ್ತದೆ, ಚಿವುಟಿದ್ದು ತಂಬುಳಿಗಾಗುತ್ತದೆ. ನೋಡಲಿಕ್ಕಷ್ಟೇ ಇರುವ ಕ್ರೋಟನ್‌ಗಿಂತ ನನ್ನ ಓಟು ಇದಕ್ಕೇ.