ಊಹೆಗೆ ಸಿಗದ ಬೀಜ

ಹೈದರಾಬಾದಿನ ಕುಷಾಯಿಗೂಡದ ಪಕ್ಕದಲ್ಲೇ ಇಸಿಐಎಲ್. 1967ರಲ್ಲಿ ಎ.ಎಸ್. ರಾವ್ ಕಟ್ಟಿದ ಈ ಸರ್ಕಾರಿ ಸಂಸ್ಥೆ ದೇಶದ ಆರಂಭದ ಕಂಪ್ಯೂಟರುಗಳನ್ನೂ ವಿಕಿರಣ ಅಳೆಯುವ ಉಪಕರಣಗಳನ್ನೂ ತಯಾರಿಸಿತು. ಒಂದು, ಹೇಳಿದ್ದನ್ನಷ್ಟೇ ಮಾಡುವ ಯಂತ್ರ. ಇನ್ನೊಂದರ ಮುಂದಿನ ‘ಟಿಕ್’ ಯಾವಾಗೆಂದು ಯಾರೂ ಹೇಳಲಾರರು.

ಕಂಪ್ಯೂಟರಿನ ಗುಟ್ಟಿನ ಕೀಲಿಗಳಿಗೆ ಈ ಎರಡನೆಯ ಗುಣವೇ ಬೇಕು. ಲೆಕ್ಕದಿಂದ ಹುಟ್ಟಿದ ಸಂಖ್ಯೆಯನ್ನು ಲೆಕ್ಕದಿಂದಲೇ ಹಿಡಿಯಬಹುದು. ಹಾಗಾಗಿ ಆ ಲೆಕ್ಕ ಶುರುವಾಗುವ ಮೊದಲ ಸಂಖ್ಯೆ, ಅಂದರೆ ಬೀಜ, ಹೊರಗಿನಿಂದ ಬರಬೇಕು. 1994ರಲ್ಲಿ ಥಿಯೋಡೋರ್ ತ್ಸೊ ಲಿನಕ್ಸ್‌ಗೆ ಬರೆದ ವ್ಯವಸ್ಥೆ, ಕೀಲಿಮಣೆ ಮತ್ತು ಡಿಸ್ಕುಗಳ ಸಮಯದ ಸೂಕ್ಷ್ಮ ಏರುಪೇರುಗಳನ್ನು ಹೆಕ್ಕಿ ಒಂದೇ ಕೊಳದಲ್ಲಿ ಕಲೆಸಿತು. 2012ರಿಂದ ಇಂಟೆಲ್ ಚಿಪ್ಪುಗಳು ತಮ್ಮೊಳಗಿನ ವಿದ್ಯುತ್ ಗದ್ದಲದಿಂದಲೇ ಬಿಟ್ಟುಗಳನ್ನು ಕೊಡುತ್ತಿವೆ. ಲಿನಕ್ಸ್ ಅವನ್ನೂ ಕೊಳಕ್ಕೆ ಸುರಿಯುತ್ತದೆ, ಅವನ್ನಷ್ಟೇ ನಂಬದೆ ಬೇರೆ ಮೂಲಗಳನ್ನೂ ಬೆರೆಸುತ್ತದೆ. ಎಷ್ಟು ಚೆಂದದ ಎಚ್ಚರ!

ಬೀಜ ಬಡವಾದರೆ? 2008ರಲ್ಲಿ ಬಯಲಾದ ಡೆಬಿಯನ್ ಲಿನಕ್ಸಿನ ದೋಷದಲ್ಲಿ ಒಂದು ಬಗೆಯ ಕೀಲಿಗೆ ಉಳಿದಿದ್ದು ಹೆಚ್ಚುಕಡಿಮೆ 32,768 ಸಾಧ್ಯತೆಗಳು ಮಾತ್ರ.

ರಾಗಿ ಕೊಯ್ದವರು ಬಿತ್ತನೆಗೆಂದು ಒಂದಿಷ್ಟು ಎತ್ತಿಡುವಂತೆ, ಯಂತ್ರವೂ ಆರುವ ಮುನ್ನ ಮುಂದಿನ ಸಲದ ಬೀಜವನ್ನು ಕಡತದಲ್ಲಿ ಉಳಿಸುತ್ತದೆ. ಕಷ್ಟವಿರುವುದು ಹೊಚ್ಚಹೊಸ ರೂಟರಿಗೆ: ಕೀಲಿಮಣೆಯಿಲ್ಲ, ಹಳೆಯ ಕಡತವಿಲ್ಲ. ಮೊದಲ ಕ್ಷಣದಲ್ಲಿ ಅದಕ್ಕೆ ಆಸರೆಯಾಗಬಲ್ಲದ್ದು, ಇದ್ದರೆ, ಚಿಪ್ಪಿನೊಳಗಿನ ಅಂಥ ಗದ್ದಲವೇ.