ಎಂಟು ಪದಕ್ಕೊಂದು ಹೊಸ ಪದ

ಚೀನಾದಲ್ಲಿ ಇಂಗ್ಲಿಷ್ ಕಲಿತವರ ಮುಂದೆ ‘ನ್ಯೂ ಕಾನ್ಸೆಪ್ಟ್ ಇಂಗ್ಲಿಷ್’ ಎಂದರೆ ಸಾಕು, ಅವರ ದನಿ ಬದಲಾಗುತ್ತದೆ. ಎಲ್. ಜಿ. ಅಲೆಕ್ಸಾಂಡರ್ ಬರೆದು 1967ರಲ್ಲಿ ಲಾಂಗ್‌ಮನ್ ಹೊರತಂದ ನಾಲ್ಕು ಪುಸ್ತಕಗಳ ಈ ಸರಣಿ ಹುಟ್ಟಿದೂರಿಗಿಂತ ಚೀನಾದಲ್ಲೇ ಹೆಚ್ಚು ಬಾಳಿತು. 1997ರಲ್ಲಿ ಬೀಜಿಂಗಿನ ಪ್ರಾಧ್ಯಾಪಕ ಹೆ ಚೀಶಿನ್ ಅವರ ಜೊತೆ ಕೂತು ಅಲೆಕ್ಸಾಂಡರ್ ಚೀನೀ ವಿದ್ಯಾರ್ಥಿಗಳಿಗೆಂದೇ ಅದನ್ನು ಪರಿಷ್ಕರಿಸಿದರು. ಈ ಪಾಠಗಳನ್ನು ಓದುತ್ತ ಹೋದರೆ ಪದಸಂಪತ್ತು ತಾನಾಗಿ ಬೆಳೆಯುತ್ತದೆ ಎಂಬುದು ಅದರ ದೊಡ್ಡ ಕೀರ್ತಿ. ಆ ಕೀರ್ತಿ ಪುಸ್ತಕಕ್ಕೆ ಸಲ್ಲತಕ್ಕದ್ದಲ್ಲ ಎಂಬುದು ನನ್ನ ವಾದ.

ಕೀರ್ತಿ ಬಂದ ಬಗೆ ಅರ್ಥವಾಗುವಂಥದ್ದೇ. ಕಾಲೇಜು ಇಂಗ್ಲಿಷ್ ಪರೀಕ್ಷೆಗಳು 1987ರಲ್ಲಿ ಶುರುವಾದವು, ಪದಪಟ್ಟಿಗಳ ವ್ಯಾಪಾರ ಅವುಗಳ ಬೆನ್ನಿಗೇ ಬೆಳೆಯಿತು. ಅಕಾರಾದಿ ಪಟ್ಟಿಯ ಮೊದಲಲ್ಲೇ ಸಿಗುವ ‘ಅಬ್ಯಾಂಡನ್’, ಅಂದರೆ ಕೈಬಿಡು, ಎಂಬ ಪದ ಕಲಿತು ಅಲ್ಲಿಗೇ ಪುಸ್ತಕ ಕೈಬಿಡುವ ವಿದ್ಯಾರ್ಥಿಯ ಜೋಕು ಅಲ್ಲಿ ಸವಕಲಾಗಿದೆ. ಇಂಥ ಪಟ್ಟಿಗಳ ನಡುವೆ ಒಂದು ಪುಟ್ಟ ಕಥೆ, ಕೊನೆಗೊಂದು ನಗು ಕೊಡುವ ಲೇಖಕ ದೇವರಂತೆ ಕಂಡರೆ ಆಶ್ಚರ್ಯವಿಲ್ಲ. ಅಲೆಕ್ಸಾಂಡರ್ ಒಳ್ಳೆಯ ಕಥೆಗಾರ. ನೂರು ಪದದಲ್ಲಿ ಪ್ರಸಂಗ, ಸಿಟ್ಟು, ತಿರುವು ಮೂರನ್ನೂ ಕೂರಿಸುವುದು ಸುಲಭದ ಕೆಲಸವಲ್ಲ. ಈ ಹೊಗಳಿಕೆ ಇಲ್ಲಿಗೆ ಸಾಕು.

ಎರಡನೆಯ ಪುಸ್ತಕದ ಮೊದಲ ಪಾಠವನ್ನೇ ನೋಡೋಣ. ಚೀನಾದಲ್ಲಿ ಅದು ಬಾರದವರು ಕಡಿಮೆ. ಒಬ್ಬಾತ ನಾಟಕಕ್ಕೆ ಹೋಗುತ್ತಾನೆ, ಒಳ್ಳೆಯ ಜಾಗ ಸಿಗುತ್ತದೆ, ಆದರೆ ಹಿಂದೆ ಕೂತ ಜೋಡಿಯ ಜೋರು ಮಾತಿನಿಂದ ನಟರ ದನಿ ಕೇಳಿಸುವುದಿಲ್ಲ. ತಿರುಗಿ ಗುರಾಯಿಸುತ್ತಾನೆ, ಅವರು ಲೆಕ್ಕಿಸುವುದಿಲ್ಲ. ಕಡೆಗೆ ತಾಳಲಾರದೆ ತನಗೇನೂ ಕೇಳಿಸುತ್ತಿಲ್ಲವೆಂದು ಗದರುತ್ತಾನೆ. ಯುವಕನಿಗೆ ಅದು ತಮ್ಮ ಮಾತು ಕೇಳಿಸುತ್ತಿಲ್ಲವೆಂಬ ದೂರಾಗಿ ಕಾಣುತ್ತದೆ. ಇದು ತಮ್ಮ ಖಾಸಗಿ ವಿಷಯ, ನಿನಗೇಕೆ ಎಂದು ಅವನು ಉಡಾಫೆಯಿಂದ ಹೇಳುವಲ್ಲಿಗೆ ಪಾಠ ಮುಗಿಯುತ್ತದೆ.

ಇಡೀ ಪಾಠದಲ್ಲಿ ಇರುವುದು ಸುಮಾರು ನೂರು ಪದ. ಜೊತೆಗಿರುವ ಪಟ್ಟಿಯಲ್ಲಿ ಹೊಸ ಪದಗಳು ಹನ್ನೆರಡು: ಪ್ರೈವೇಟ್, ಕಾನ್ವರ್ಸೇಷನ್, ಥಿಯೇಟರ್, ಸೀಟ್, ಪ್ಲೇ, ಲೌಡ್ಲಿ, ಆಂಗ್ರಿ, ಆಂಗ್ರಿಲಿ, ಅಟೆನ್ಷನ್, ಬೇರ್, ಬಿಸಿನೆಸ್, ರೂಡ್ಲಿ. ಎಂಟು ಪದಕ್ಕೊಂದು ಹೊಸ ಪದ ಬಿತ್ತು. ಕಥೆಯನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ಅದರ ನೂರು ಪದಗಳಲ್ಲಿ ತೊಂಬತ್ತೆಂಟು ಮೊದಲೇ ಗೊತ್ತಿರಬೇಕು ಎಂದು ಪದಕಲಿಕೆಯ ಸಂಶೋಧಕರಾದ ಹೂ ಮತ್ತು ಪಾಲ್ ನೇಷನ್ 2000ರಲ್ಲಿ ತೋರಿಸಿದರು. ಇದೇ ಲೆಕ್ಕವನ್ನು ಬಹಳ ಹಿಂದೆಯೇ ಹಾಕಿದ್ದವರು ಮೈಕಲ್ ವೆಸ್ಟ್. 1920ರ ದಶಕದಲ್ಲಿ ಢಾಕಾದಲ್ಲಿದ್ದುಕೊಂಡು ಬಂಗಾಳಿ ಹುಡುಗರ ಇಂಗ್ಲಿಷ್ ಓದಿಗೆ ದಾರಿ ಹುಡುಕಿದ ಈ ಮೇಷ್ಟ್ರು ಐವತ್ತು ಪದಕ್ಕೊಂದಕ್ಕಿಂತ ಹೆಚ್ಚು ಹೊಸ ಪದ ಕೂಡದು ಎಂದಿದ್ದರು. ನಮ್ಮ ಉಪಖಂಡದಲ್ಲಿ ಕಂಡುಕೊಂಡ ಅಳತೆಯನ್ನು ಅಲೆಕ್ಸಾಂಡರ್ ಆರು ಪಟ್ಟು ಮೀರಿದ್ದಾರೆ.

ಇದರ ಪರಿಣಾಮ ಮೊದಲ ಮೂರು ವಾಕ್ಯಗಳಲ್ಲೇ ಕಾಣುತ್ತದೆ. ಥಿಯೇಟರ್, ಸೀಟ್, ಪ್ಲೇ ಮೂರೂ ಒಟ್ಟಿಗೆ ಬಂದು ನಿಲ್ಲುತ್ತವೆ. ನಾಟಕ ಗೊತ್ತಿದ್ದರೆ ರಂಗಮಂದಿರ ಊಹಿಸಬಹುದು, ರಂಗಮಂದಿರ ಗೊತ್ತಿದ್ದರೆ ಆಸನ ಊಹಿಸಬಹುದು. ಮೂರೂ ಗೊತ್ತಿಲ್ಲದವನು ಯಾವುದನ್ನು ಹಿಡಿದು ಯಾವುದಕ್ಕೆ ಹೋಗಬೇಕು? ಲೌಡ್ಲಿ, ಆಂಗ್ರಿಲಿ, ರೂಡ್ಲಿ ಎಂಬ ಮೂರು ಕ್ರಿಯಾವಿಶೇಷಣಗಳು ಒಂದೇ ಪಾಠದಲ್ಲಿ ಸೇರಿರುವುದು ಪದ ಕಲಿಸಲೆಂದಲ್ಲ. ಆ ಪಾಠದ ವ್ಯಾಕರಣ ವಿಷಯ ವಾಕ್ಯದಲ್ಲಿ ಪದಗಳ ಸ್ಥಾನ. ‘ಹೇಗೆ’ ಎಂಬ ಖಾನೆ ತುಂಬಲು ಅವು ಬಂದಿವೆ. ಪದಗಳನ್ನು ಆರಿಸಿದ್ದು ವ್ಯಾಕರಣ.

ಹನ್ನೆರಡರಲ್ಲಿ ಕಥೆಯೇ ಕಲಿಸುವ ಪದ ಒಂದೇ, ಪ್ರೈವೇಟ್. ಅದರ ಅರ್ಥ ಹೊಳೆಯದೆ ಕೊನೆಯ ನಗು ಬರುವುದಿಲ್ಲ. ನಗು ಬಂದರೆ ಆ ಪದ ಮರೆಯುವುದಿಲ್ಲ. ಇದು ನಿಜವಾದ ಕಲೆ. ಆದರೆ ಚೀನೀ ಆವೃತ್ತಿ ಆ ಪದದ ಚೀನೀ ಅರ್ಥವನ್ನು ಪಟ್ಟಿಯ ತಲೆಯಲ್ಲೇ ಕೊಟ್ಟುಬಿಡುತ್ತದೆ. ಪಾಠಕ್ಕೆ ಮುನ್ನ ಕೇಳುವ ಪ್ರಶ್ನೆಯಾದರೂ ಏನು? ಲೇಖಕ ಹಿಂದಿನವರ ಮೇಲೆ ಏಕೆ ದೂರಿದ ಎಂದು. ನಟರ ಮಾತು ಕೇಳಿಸಲಿಲ್ಲ ಎಂದರೆ ಉತ್ತರ ಮುಗಿಯಿತು, ಪ್ರೈವೇಟ್ ಅದಕ್ಕೆ ಬೇಕಿಲ್ಲ. ಚೆನ್ನಾಗಿ ಕಲಿಸಿದ ಒಂದೇ ಒಂದು ಪದವನ್ನೂ ಪ್ರಶ್ನೆ ಕೇಳುವುದಿಲ್ಲ.

ಅಲೆಕ್ಸಾಂಡರ್ ಮೇಷ್ಟ್ರಾಗಿದ್ದದ್ದು ಗ್ರೀಸಿನಲ್ಲಿ. ಥಿಯೇಟರ್ ಗ್ರೀಕರ ಮನೆಯ ಪದ. ಪ್ರೈವೇಟ್, ಕಾನ್ವರ್ಸೇಷನ್, ಅಟೆನ್ಷನ್ ಲ್ಯಾಟಿನ್ ಮೂಲದವು, ಫ್ರೆಂಚರಿಗೂ ಇಟಲಿಯವರಿಗೂ ಮುಖಪರಿಚಯವಿರುವಂಥವು. ಯುರೋಪಿನ ವಿದ್ಯಾರ್ಥಿಗೆ ಈ ಪಾಠದ ಹೊರೆ ಹನ್ನೆರಡು ಪದದ್ದಲ್ಲ. ಅಷ್ಟೇಕೆ, ನಮ್ಮ ಹಳ್ಳಿಯ ಹುಡುಗನಿಗೂ ಥಿಯೇಟರ್ ಸಿನಿಮಾದಿಂದ ಗೊತ್ತು, ಸೀಟು ಬಸ್ಸಿನಿಂದ ಗೊತ್ತು, ಪ್ರೈವೇಟ್ ಎಂದರೆ ಕೆಂಪು ಬಸ್ಸಲ್ಲದ್ದು, ಬಿಸಿನೆಸ್ ಸೋದರಮಾವ ಮಾಡುವುದು. ಅರ್ಥ ಸ್ವಲ್ಪ ಓರೆಯಾದರೂ ನಾಲ್ಕು ಪದ ಪುಕ್ಕಟೆ. ಚೀನೀ ಭಾಷೆ ಹೊರಗಿನದನ್ನು ಹೆಚ್ಚಾಗಿ ಅರ್ಥ ಹಿಡಿದು ತನ್ನ ಅಕ್ಷರಗಳಲ್ಲೇ ಕಟ್ಟಿಕೊಳ್ಳುತ್ತದೆ. ಅಲ್ಲಿನ ಹುಡುಗನಿಗೆ ಹನ್ನೆರಡೂ ಅಪರಿಚಿತ.

ಹಾಗಿದ್ದರೆ ಈ ಪುಸ್ತಕ ಓದಿದ ಚೀನೀಯರಿಗೆ ಪದಗಳು ಹೇಗೆ ಬಂದವು? ಅವರು ಓದಲಿಲ್ಲ, ಬಾಯಿಪಾಠ ಮಾಡಿದರು. ಎರಡನೆಯ ಪುಸ್ತಕದ 96 ಪಾಠಗಳನ್ನೂ ಮೊದಲಿಂದ ಕೊನೆಯವರೆಗೆ ಒಪ್ಪಿಸುವುದು ಅಲ್ಲಿನ ಹಳೆಯ ಅಭ್ಯಾಸ. ಒಂದು ಪದ ನೆಲೆಗೊಳ್ಳಲು ಎಂಟು-ಹತ್ತು ಸಲವಾದರೂ ಎದುರಾಗಬೇಕೆನ್ನುತ್ತಾರೆ. ಆ ಪುನರಾವರ್ತನೆಯನ್ನು ನೂರು ಪದದ ಪಾಠ ಕೊಡಲಿಲ್ಲ. ವಿದ್ಯಾರ್ಥಿಯ ನಾಲಿಗೆ ಕೊಟ್ಟಿತು.

ಇಲ್ಲಿ ಎರಡು ಬಣಗಳ ಜೊತೆ ನನ್ನ ಜಗಳವಿದೆ. ಬಾಯಿಪಾಠವನ್ನು ಚೀನೀಯರ ರೋಗವೆಂದು ಜರೆಯುವ ಬೋಧನಶಾಸ್ತ್ರಿಗಳು ಒಂದು ಬಣ. ನಮ್ಮಲ್ಲೂ ಇವರಿದ್ದಾರೆ. ಅಮರಕೋಶವನ್ನು ಕಂಠಸ್ಥ ಮಾಡಿದ ಪಂಡಿತರನ್ನು ನೆನೆದು ನಗುವವರು, ಅದು ಛಂದಸ್ಸಿಗೆ ಹೊಂದಿಸಿದ ಪದಕೋಶ ಎಂಬುದನ್ನು ಮರೆಯುತ್ತಾರೆ. ಬಾಯಿಪಾಠ ಮಾಡಿದ ಗದ್ಯದಲ್ಲಿ ಪದ ತನ್ನ ನೆರೆಹೊರೆಯ ಸಮೇತ ಬರುತ್ತದೆ. ‘ಬೇರ್’ ಎಂದರೆ ಕರಡಿ ಎಂದಷ್ಟೇ ತಿಳಿದವನಿಗೆ ‘ತಾಳು’ ಎಂಬ ಅರ್ಥ ಇಡೀ ವಾಕ್ಯದೊಂದಿಗೆ ನಾಲಿಗೆಯ ಮೇಲೆ ಕೂರುತ್ತದೆ. ಅಕಾರಾದಿ ಪಟ್ಟಿಯಿಂದ ಇದಾಗದು.

ಇನ್ನೊಂದು ಬಣ ಭಾಷಾಕಲಿಕೆಯ ಸಿದ್ಧಾಂತಿ ಸ್ಟೀಫನ್ ಕ್ರಾಶೆನ್ ಅವರ ಶಿಷ್ಯರದ್ದು. ಸುಮ್ಮನೆ ಓದುತ್ತಿರಿ, ಪದ ತಾನಾಗಿ ಅಂಟುತ್ತದೆ ಎಂಬುದು ಇವರ ಮಂತ್ರ. ಓದುವುದು ಅರ್ಥವಾಗುವಂತಿರಬೇಕು, ಇರುವ ಮಟ್ಟಕ್ಕಿಂತ ತುಸುವೇ ಮೇಲಿರಬೇಕು ಎಂದು ಗುರು ಹಾಕಿದ ಷರತ್ತನ್ನು ಶಿಷ್ಯರು ನುಂಗಿಬಿಟ್ಟಿದ್ದಾರೆ. ಇಂಗ್ಲಿಷ್ ಕಾದಂಬರಿಯನ್ನು ನೆರವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳು, ಬೇಕೆಂದು ನೇಷನ್ 2006ರಲ್ಲಿ ಲೆಕ್ಕ ಕೊಟ್ಟರು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಗೆ ಮಕ್ಕಳು ಓದುತ್ತ ಬಂದಿರುವ ಪಟ್ಟಿ ಮೂರೂವರೆ ಸಾವಿರದ ಆಸುಪಾಸಿನದು. ನಡುವಿನ ಕಂದಕವನ್ನು ದಾಟಿಸಲು ಬೇಕಾದದ್ದು ಸುಲಭ ಭಾಷೆಯ ತೆಳು ಕಥೆಪುಸ್ತಕಗಳ ರಾಶಿ. ನ್ಯೂ ಕಾನ್ಸೆಪ್ಟ್‌ನ ಕೊನೆಯ ಪುಸ್ತಕದಲ್ಲಿ ಇರುವುದು 48 ಪಾಠ, ಅದೂ ಬೇರೆ ಲೇಖಕರ ಬರಹಗಳಿಂದ ಎತ್ತಿಕೊಂಡ ಬಿಗಿಯಾದ ಗದ್ಯ. ರಾಶಿಯೂ ಅಲ್ಲ, ಸುಲಭವೂ ಅಲ್ಲ.

ಅಲೆಕ್ಸಾಂಡರ್ ಅವರ ಮೇಲೆ ನನಗೆ ದೂರು ಕಡಿಮೆ. ಕೇಳುವ ಮುನ್ನ ಆಡಬಾರದು, ಆಡುವ ಮುನ್ನ ಓದಬಾರದು, ಓದುವ ಮುನ್ನ ಬರೆಯಬಾರದು ಎಂಬ ಕ್ರಮವನ್ನು ಅವರೇ ಮುನ್ನುಡಿಯಲ್ಲಿ ಹಾಕಿಕೊಟ್ಟಿದ್ದರು. ಆ ಸಾಲಿನಲ್ಲಿ ಓದಿಗೆ ಮೂರನೆಯ ಜಾಗ. ಓದಿನಿಂದ ಪದ ಬೆಳೆಸುವ ಪುಸ್ತಕ ಎಂಬ ಬಿರುದು ಕಟ್ಟಿದವರು ಮಾರುವವರು ಮತ್ತು ಅಭಿಮಾನಿಗಳು. ಕೇಳಿ ಒಪ್ಪಿಸಲು ಇದಕ್ಕಿಂತ ಒಳ್ಳೆಯ ಪಾಠಗಳು ಕಡಿಮೆ, ಹಾಗೆ ಬಳಸುವವರು ಬಳಸಲಿ. ಓದಿನಿಂದಲೇ ಪದ ಬೇಕು ಎನ್ನುವವರು ಇದನ್ನು ಕಪಾಟಿನಲ್ಲಿಟ್ಟು, ವೆಸ್ಟ್ ಹಾಕಿಕೊಟ್ಟ ಅಳತೆಯಲ್ಲಿ ಬರೆದ ಕಥೆಪುಸ್ತಕಗಳನ್ನು ತೆಗೆದುಕೊಳ್ಳಲಿ.