ಹಳದಿ ಪಿನ್ನು, ಹೊಸ ಟಿವಿ

ಶಿಕಾರಿಪುರದ ಮೊಬೈಲ್ ಅಂಗಡಿಯಲ್ಲಿ ಕನ್ವರ್ಟರ್ ಕೇಳಿದೆ. ಕೈಗೆ ಬಂದದ್ದು ಉಲ್ಟಾ ಸಾಮಾನು. ಹೊಸ ಸೆಟ್‌ಟಾಪ್ ಬಾಕ್ಸನ್ನು ಹಳೆಯ ಡಬ್ಬಾ ಟಿವಿಗೆ ಜೋಡಿಸುವ 'ಎಚ್‌ಡಿಎಂಐ ಟು ಎವಿ' ಅದು. ನನಗೆ ಬೇಕಿದ್ದದ್ದು 'ಎವಿ ಟು ಎಚ್‌ಡಿಎಂಐ'. ಎರಡೂ ನೋಡಲು ಅವಳಿ ಜವಳಿ, ಮೈಮೇಲೆ ಅದೇ ಮೂರು ಬಣ್ಣದ ತೂತು. ಸೊರಬ ಮುಟ್ಟಿದ ಮೇಲೆ ತಪ್ಪು ಗೊತ್ತಾಗಿ, ಮಾರನೇ ದಿನ ಮತ್ತೆ ಶಿರಾಳಕೊಪ್ಪದ ಮೇಲಿಂದ ಬಸ್ಸು ಹತ್ತಿದೆ.

ಹೊಸ ಟಿವಿಗೆ ಜೋಡಿಸಬೇಕಿದ್ದದ್ದು ನಾವೆಲ್ಲ 'ಟಿವಿ ಗೇಮ್' ಎನ್ನುತ್ತಿದ್ದ ಯಂತ್ರ. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು. ನಮ್ಮ ಊರಿನಲ್ಲಿ ಅಸಲಿಯನ್ನು ಕಂಡವರೇ ಇರಲಿಲ್ಲ. ಮಾರಿಯೋ, ಕಾಂಟ್ರಾ ಎಲ್ಲ ಬಂದದ್ದು ಈ ನಕಲಿನಿಂದಲೇ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕಿದೆ. ಚಿತ್ರ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾರಿಯೋ ಮಾತ್ರ ಮದುವೆ ಮನೆಯ ಊಟ ಮುಗಿಸಿ ಬಂದವನಂತೆ ಅಡ್ಡಕ್ಕೆ ಬೆಳೆದಿದ್ದ. ಇದಕ್ಕೆ ಮದ್ದು ಸುಲಭ: ಟಿವಿಯ ಮೆನುವಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಇಳಿಸಿದರೆ ಅವನು ಸಣ್ಣಗಾಗುತ್ತಾನೆ.

ಉಳಿದ ಕಾಯಿಲೆಗಳಿಗೆ ಮದ್ದಿಲ್ಲ. ಈ ಯಂತ್ರ ಬಿಡಿಸುವುದು 240 ಗೆರೆಗಳ ಚಿತ್ರ, ಪ್ರತಿ ಸಲವೂ ಇಡಿಯಾಗಿ. ಅಗ್ಗದ ಕನ್ವರ್ಟರ್ ಅದನ್ನು ಸಲಕ್ಕೆ ಅರ್ಧ ಗೆರೆಗಳನ್ನಷ್ಟೇ ಕಳಿಸುವ ಮಾಮೂಲಿ ಟಿವಿ ಕಾರ್ಯಕ್ರಮ ಎಂದೇ ತಿಳಿದು, ಹಿಂದಿನ ಚಿತ್ರಕ್ಕೆ ಮುಂದಿನದನ್ನು ಹೆಣೆದುಬಿಡುತ್ತದೆ. ಏಟು ತಿಂದ ಮಾರಿಯೋ ಮಿನುಗಬೇಕಾದ ಕಡೆ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತಾನೆ. ಡಬ್ಬಿಯ ಮೇಲೆ 720, 1080 ಎಂದು ಒಂದು ಸ್ವಿಚ್ಚಿದೆ. ಅದನ್ನು ಎತ್ತ ಒತ್ತಿದರೂ ಇಲ್ಲದ ಗೆರೆ ಹುಟ್ಟುವುದಿಲ್ಲ. ಹಾಲಿಗೆ ನೀರು ಬೆರೆಸಿ ಲೀಟರು ಹೆಚ್ಚಿಸಿದ ಹಾಗೆ.

ನನ್ನ ದೊಡ್ಡ ತಕರಾರು ಚಿತ್ರದ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ. ಹಳೆಯ ಪಿಕ್ಚರ್ ಟ್ಯೂಬ್ ಬಂದ ಗೆರೆಯನ್ನು ಬಂದ ಹಾಗೇ ಎರಚುತ್ತಿತ್ತು. ಈಗ ಕನ್ವರ್ಟರ್ ಒಂದಿಷ್ಟು ತಡೆದು ನಿಲ್ಲಿಸುತ್ತದೆ, ಎಲ್‌ಇಡಿ ಟಿವಿ ಚಿತ್ರವನ್ನು ಚಂದ ಮಾಡಲು ಇನ್ನಷ್ಟು. ಗುಂಡಿ ಒತ್ತಿದ್ದು ಸರಿ, ಹಾರಿದ್ದು ತಡ, ಮಾರಿಯೋ ಹಳ್ಳಕ್ಕೆ. ಟಿವಿಯಲ್ಲಿ 'ಗೇಮ್ ಮೋಡ್' ಹಾಕಿದರೆ ತುಸು ವಾಸಿ. ಈ ಕೆಲಸಕ್ಕೆಂದೇ ಮಾಡಿದ ರೆಟ್ರೊಟಿಂಕ್‌ನಂಥ ಪೆಟ್ಟಿಗೆಗಳು ತಡ ಮಾಡುವುದಿಲ್ಲ, ಆದರೆ ಅವುಗಳ ಬೆಲೆಗೆ ಇಂಥ ಟಿವಿ ಗೇಮ್ ಹಲವಾರು ಬಂದಾವು.

ಟಿವಿ ಗೇಮಿನ ಗನ್ ಅಂತೂ ಸತ್ತೇ ಹೋಯಿತು. ಡಕ್ ಹಂಟ್ ಆಟದಲ್ಲಿ ಟ್ರಿಗರ್ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯೊಳಗಿನ ಕಣ್ಣು ಆ ಮಿಂಚನ್ನು ಹಿಡಿಯಬೇಕು. ಕನ್ವರ್ಟರ್ ದಾಟಿ ಬರುವಾಗ ಚೌಕ ತಡವಾಗಿರುತ್ತದೆ. ಬಂದರೂ ಅದು ಟ್ಯೂಬಿನ ಮಿನುಗು ಅಲ್ಲವಾದ್ದರಿಂದ ಗನ್ನಿಗೆ ಗುರುತು ಸಿಗದು. ನಮ್ಮ ಟಿವಿಯ ಬಾತುಕೋಳಿಗಳು ಈಗ ಗುಡವಿ ಪಕ್ಷಿಧಾಮದ ಹಕ್ಕಿಗಳಿಗಿಂತ ನಿಶ್ಚಿಂತೆಯಾಗಿವೆ.

ನಿಧಾನದ ಆಟಕ್ಕೆ, ಮಕ್ಕಳಿಗೆ ಒಮ್ಮೆ ತೋರಿಸುವುದಕ್ಕೆ ಈ ಡಬ್ಬಿ ಸಾಕು. ಕಾಂಟ್ರಾ ಮುಗಿಸುವ ಹಟವಿದ್ದವರಿಗೆ ಬೇಡ. ಕೊಳ್ಳುವ ಮೊದಲು ನಿಮ್ಮ ಟಿವಿಯ ಬೆನ್ನು ತಿರುಗಿಸಿ ನೋಡಿ. ಎಷ್ಟೋ ಎಲ್‌ಇಡಿ ಟಿವಿಗಳಲ್ಲಿ ಹಳದಿ ತೂತು ಇನ್ನೂ ಇದೆ, ಆಗ ಕನ್ವರ್ಟರೇ ಬೇಕಿಲ್ಲ. ನಮ್ಮ ಡಬ್ಬಾ ಟಿವಿ ಅಟ್ಟದಲ್ಲಿದೆ. ಇಳಿಸಲು ಇಬ್ಬರು ಬೇಕು.